ಸಿರಿಯ ನಾಲಿಗೆಗೆ ಬಜೆ

ಆ ಮನೆಯಲ್ಲಿ ಮಾತಿಗೇನೂ ಬರ ಇರಲಿಲ್ಲ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ದೇವೀರಪ್ಪನ ಹೆಂಡತಿ ವಿಶಾಲಮ್ಮ ಬೆಳಗ್ಗೆ ಬಾಗಿಲಿಗೆ ನೀರು ಹಾಕುತ್ತ ಬಾಯಿ ತೆರೆದರೆ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೂ ಮುಚ್ಚುತ್ತಿರಲಿಲ್ಲ. ಹಾಲಿನವನ ಜೊತೆ ಮಾತು, ಸೊಪ್ಪಿನವಳ ಜೊತೆ ಮಾತು, ಯಾರೂ ಸಿಗದಿದ್ದರೆ ಉಕ್ಕುವ ಹಾಲಿಗೇ ಬೈಗುಳ. "ನಿನ್ನ ಬಾಯಿಗೊಂದು ಕರೆಂಟಿನ ಮೀಟರ್ ಹಾಕಿಸ್ಬೇಕಿತ್ತು ಕಣೇ" ಎಂದು ದೇವೀರಪ್ಪ ರೇಗಿಸುತ್ತಿದ್ದ. ಇಂಥ ಅಜ್ಜಿಯ ಮಡಿಲಲ್ಲಿ ಬೆಳೆದ ಮೊಮ್ಮಗಳು ಸಿರಿಗೆ ಮೂರು ವರ್ಷ ತುಂಬಿ ಮೇಲಾದರೂ ಒಂದು ಮಾತು ಬಂದಿರಲಿಲ್ಲ. ಅಮ್ಮ ಇಲ್ಲ, ಅಜ್ಜಿ ಇಲ್ಲ, ಬೇಕು ಇಲ್ಲ, ಬೇಡ ಇಲ್ಲ. ಏನು ಹೇಳೋಣ ಇದಕ್ಕೆ!

ಮಗುವಿನ ಕೈಗೆ ಫೋನು ಬಂದದ್ದೂ ಪ್ರೀತಿಯಿಂದಲೇ. ಮನೆಯ ಹಿಂದೆ ಕೊಬ್ಬರಿ ಅಟ್ಟ. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿ ಇಳಿಸಿ, ಸಿಪ್ಪೆ ಸುಲಿದು, ಮಚ್ಚಿನಲ್ಲಿ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಿರಿ ಅಂಬೆಗಾಲಿಡುವಾಗ ಅಂಥ ಒಂದು ದಿನ ಚಿಪ್ಪಿನ ಚೂರು ಸಿಡಿದು ಅವಳ ಹುಬ್ಬಿನ ಪಕ್ಕಕ್ಕೆ ಬಡಿದು ರಕ್ತ ಬಂತು. ಕಣ್ಣಿಗೇ ಬಿದ್ದಿದ್ದರೆ? ವಿಶಾಲಮ್ಮ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಅವತ್ತೇ ಮಗ ಶರತ್ಚಂದ್ರನ ಹಳೇ ಫೋನಿನಲ್ಲಿ ಬಾತುಕೋಳಿಗಳು ಕುಣಿಯುವ ವೀಡಿಯೊ ಹಾಕಿ ಮಗುವನ್ನು ಹಜಾರದ ಚಾಪೆಯ ಮೇಲೆ ಕೂರಿಸಿದಳು. ಮಗು ಅಲುಗಲಿಲ್ಲ. ಸಂಜೆಯವರೆಗೂ ಅಲುಗಲಿಲ್ಲ.

"ಎಂಥಾ ಬಂಗಾರದ ಮಗು ಕಣವ್ವಾ! ನಮ್ಮನೇವು ಮನೇನೇ ಕಿತ್ತು ಗುಡ್ಡೆ ಹಾಕ್ತವೆ" ಎಂದು ಚಿಪ್ಪು ಒಡೆಯಲು ಬರುವ ಚಲುವಮ್ಮ ಮಚ್ಚು ಹಿಡಿದೇ ಹೊಗಳಿದಳು. ವಿಶಾಲಮ್ಮನಿಗೆ ಕೋಡು ಬಂತು. ಆಮೇಲೆ ಚಿಪ್ಪು ಒಡೆಯುವ ದಿನಕ್ಕಷ್ಟೇ ಇದ್ದ ಫೋನು ಒಗೆಯುವ ದಿನಕ್ಕೂ ಬಂತು, ಅಜ್ಜ ಲಿಂಗಪೂಜೆಗೆ ಕೂತ ಹೊತ್ತಿಗೂ ಬಂತು, ಕೊನೆಗೆ ತುತ್ತು ತುತ್ತಿಗೂ ಬಂತು. ಮಗುವಿನ ತಾಯಿ, ಸೊಸೆ ಸೌಂದರ್ಯ ಪಟ್ಟಣದ ಸಹಕಾರ ಸಂಘವೊಂದರಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಗು ಊಟ ಮಾಡಿ ಮಲಗಿದ್ದರೆ ಅವಳಿಗೂ ಸಮಾಧಾನವೇ.

ಕರೆದರೆ ಮಗು ತಿರುಗುತ್ತಿಲ್ಲ ಎಂದು ಮೊದಲು ಗಮನಿಸಿದ್ದು ಸೌಂದರ್ಯ. ಕಿವುಡೇನೋ ಎಂದು ಹೆದರಿ ಹಾಸನಕ್ಕೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಸರಿಯಾಗಿದೆ ಎಂದರು. ಅಯ್ಯೋ, ಅವತ್ತು ಆ ಮನೆಯಲ್ಲಿ ಆದ ಸಂತೋಷ! ವಿಶಾಲಮ್ಮ ಶಾವಿಗೆ ಪಾಯಸ ಮಾಡಿ ಅಕ್ಕಪಕ್ಕದ ಮನೆಗೆಲ್ಲ ಕೊಟ್ಟಳು.

"ನಾನೂ ನಾಕು ವರ್ಷಕ್ಕೇ ಮಾತಾಡಿದ್ದಂತೆ. ನಮ್ಮವ್ವ ಹೇಳ್ತಿತ್ತು" ಎಂದ ದೇವೀರಪ್ಪ, ಎರಡನೇ ಲೋಟ ಪಾಯಸ ಬಗ್ಗಿಸಿಕೊಳ್ಳುತ್ತ.

"ನೀವು ಆಮೇಲೆ ಬಾಯಿ ಮುಚ್ಚಿದ್ದೇ ಕಾಣೆ" ಎಂದಳು ವಿಶಾಲಮ್ಮ.

"ಹೇಳೋರು ಯಾರು ನೋಡು!"

ಎಲ್ಲರೂ ನಕ್ಕರು. ಸಿರಿ ಚಾಪೆಯ ಮೇಲೆ ಫೋನು ನೋಡುತ್ತಿದ್ದಳು. ಹಾಗೆ ನಗುತ್ತ ನಗುತ್ತಲೇ ಒಂದು ವರ್ಷ ಕೈಬಿಟ್ಟು ಹೋಯಿತು.

ಶಾಲೆಗೆ ಸೇರಿಸುವ ಹೊತ್ತಿಗೆ ನಗು ನಿಂತಿತು. ಶಾಲೆಯ ಮೇಡಮ್ಮು "ನಿನ್ನ ಹೆಸರೇನು ಪುಟ್ಟಿ?" ಎಂದು ಕೇಳಿದರೆ ಸಿರಿ ಅವರ ಮುಖವನ್ನೇ ನೋಡಲಿಲ್ಲ, ಮೇಜಿನ ಮೇಲಿದ್ದ ಅವರ ಫೋನಿಗೆ ಕೈ ಹಾಕಿದಳು. ಅವರು ಎತ್ತಿಟ್ಟುಕೊಂಡದ್ದೇ ತಡ, ನೆಲಕ್ಕೆ ಬಿದ್ದು ಹಣೆ ಚಚ್ಚಿಕೊಂಡಳು. "ಒಬ್ಬ ಮಕ್ಕಳ ಡಾಕ್ಟರಿಗೆ ತೋರಿಸಿ. ತಡ ಮಾಡಬೇಡಿ" ಎಂದು ಮೇಡಮ್ಮು ಮೆಲ್ಲಗೆ ಹೇಳಿದರು.

ಮತ್ತೆ ಹಾಸನ. ಈ ಸಲ ವಿಶಾಲಮ್ಮನೂ ಹೋದಳು. ಡಾಕ್ಟರು ವಯಸ್ಸಾದ ಹೆಂಗಸು. ಮಗುವಿನ ತೂಕ ನೋಡಿ, ಕಣ್ಣು ನೋಡಿ, ನಿದ್ದೆ ಹೇಗೆ ಎಂದು ಕೇಳಿ, ಆಮೇಲೆ "ಊಟ ಹೇಗೆ ಮಾಡ್ತಾಳೆ?" ಎಂದರು. ಶರತ್ ಹೆಂಡತಿಯ ಮುಖ ನೋಡಿದ, ಸೌಂದರ್ಯ ಅತ್ತೆಯ ಮುಖ ನೋಡಿದಳು.

"ಫೋನ್ ತೋರಿಸಿದ್ರೆ ಚೆನ್ನಾಗಿ ಉಣ್ತದೆ ಡಾಕ್ಟ್ರಮ್ಮ" ಎಂದಳು ವಿಶಾಲಮ್ಮ.

"ದಿನಕ್ಕೆ ಎಷ್ಟು ಹೊತ್ತು?"

ಸೌಂದರ್ಯ ಬೆರಳು ಮಡಚಿ ಎಣಿಸತೊಡಗಿ ಅರ್ಧಕ್ಕೇ ಬಿಟ್ಟಳು. ಡಾಕ್ಟರಿಗೆ ಉತ್ತರ ಸಿಕ್ಕಿತು. "ಬರೀ ಫೋನಿಂದ್ಲೇ ಹೀಗಾಯ್ತು ಅಂತ ನಾನು ಹೇಳಲ್ಲ. ಬೇರೆ ಏನಾದ್ರೂ ಇದ್ರೂ ಇರ್ಬಹುದು. ಆದ್ರೆ ಅದನ್ನ ಪೂರ್ತಿ ನಿಲ್ಲಿಸದೆ ಗೊತ್ತಾಗಲ್ಲ. ಸ್ವಲ್ಪ ಹೊತ್ತೂ ಬೇಡ, ಊಟಕ್ಕೂ ಬೇಡ. ಮಗು ಎದುರಿಗೆ ಕೂತು ಮಾತಾಡಿ. ನಿಮ್ಮ ಮುಖ ನೋಡೇ ಅದು ಮಾತು ಕಲೀಬೇಕು."

"ಅಯ್ಯೋ, ನಾನು ಮಾತಾಡೋದ್ರಲ್ಲಿ ಕಡಿಮೆ ಇಲ್ಲ ಡಾಕ್ಟ್ರಮ್ಮ."

"ಅವಳು ಫೋನ್ ನೋಡ್ತಿರುವಾಗ ಮಾತಾಡಿದ್ರೆ ಗೋಡೆ ಜೊತೆ ಮಾತಾಡಿದ ಹಾಗೆ, ಅಮ್ಮ" ಎಂದರು ಡಾಕ್ಟರು. ಸಿಟ್ಟಿನಿಂದ ಹೇಳಲಿಲ್ಲ. ಆದರೂ ವಿಶಾಲಮ್ಮನಿಗೆ ಆ ಮಾತು ನಾಟಿತು.

ಆ ಸಂಜೆಯೇ ಸೌಂದರ್ಯ ಹಳೇ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀ ಅತ್ತೆಯ ಕೈಗೇ ಕೊಟ್ಟಳು. "ನಿಮ್ಮ ಹತ್ರಾನೇ ಇರ್ಲಿ ಅತ್ತೆ. ನಾನು ಕರಗಿ ಕೊಟ್ಟುಬಿಟ್ರೂ ಕೊಟ್ಟುಬಿಡ್ತೀನಿ." ಉಳಿದವರ ಫೋನೆಲ್ಲ ಮನೆಗೆ ಬಂದ ಕೂಡಲೇ ಅಟ್ಟಣಿಗೆಯ ಮೇಲಿನ ಬುಟ್ಟಿಗೆ ಎಂದು ಕಾನೂನಾಯಿತು. ಟಿವಿಯ ಮೇಲೆ ಹಳೇ ಸೀರೆ ಬಿತ್ತು.

ಮಗು ಕಂಡವರ ಕೈ ಕಚ್ಚಿತು. ತಟ್ಟೆ ಒದೆಯಿತು. ಮುದ್ದೆ ಬೇಡ, ಅನ್ನ ಹಾಲು ಬೇಡ, ಅವಲಕ್ಕಿ ಬೇಡ. ಅತ್ತೂ ಅತ್ತೂ ಗಂಟಲು ಕಟ್ಟಿ ಗೊರಗೊರ ಸದ್ದು ಬರತೊಡಗಿತು. ಮೊದಲೇ ಕಡ್ಡಿಯಂಥ ಕೈಕಾಲು. ವಿಶಾಲಮ್ಮ ತುತ್ತು ಹಿಡಿದು ಹಿತ್ತಿಲು, ಅಂಗಳ, ಬೀದಿ ಎಲ್ಲ ಸುತ್ತಿದಳು. "ಕಾಗೆ ನೋಡು, ನಾಯಿ ನೋಡು, ಅಗೋ ರೈಲು ಕೂಗ್ತು!" ಸಿರಿ ಯಾವುದನ್ನೂ ನೋಡಲಿಲ್ಲ. ನೋಡಿದ್ದು ಬೀರುವಿನ ಬಾಗಿಲನ್ನು ಮಾತ್ರ.

ಒಂದು ಸಂಜೆ ಅವರೆಕಾಳು ಸಾರು, ಮುದ್ದೆ. ಎಲ್ಲರೂ ಊಟಕ್ಕೆ ಕೂತಿದ್ದಾರೆ. ದೇವೀರಪ್ಪನ ಪಂಚೆಯ ಮಡಿಲಲ್ಲಿ ಬೆಳಕು ಕಂಡಿತು.

"ಅಪ್ಪಾಜಿ, ಮಗು ಎದುರಿಗೆ ಬೇಡ ಅಂದಿದ್ರಲ್ಲ ಡಾಕ್ಟ್ರು" ಎಂದ ಶರತ್.

"ನಾನೇನು ಮಗೀಗೆ ತೋರಿಸ್ತಿದೀನೇನ್ಲಾ? ಕೊಬ್ಬರಿ ಟೆಂಡರ್ ರೇಟು ನೋಡ್ತಿದೀನಿ."

"ಟೆಂಡರ್ ಮಧ್ಯಾಹ್ನಾನೇ ಮುಗೀತಲ್ಲ ಮಾವ" ಎಂದಳು ಸೌಂದರ್ಯ.

"ಓಹೋ! ಇನ್ನು ಮೇಲೆ ಸೊಸೆ ಹತ್ರ ಚೀಟಿ ಬರೆಸ್ಕಂಡು ಫೋನ್ ಮುಟ್ಬೇಕು ಅನ್ನು!"

"ಮಾವ, ನನ್ನ ಮಗು ಮೂಗಿ ಆಗಿ ಉಳಿದುಬಿಟ್ರೆ ಅಂತ ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ನಿಮಗೆ ಇದು ತಮಾಷೆ ಆಯ್ತಾ?"

"ಮೂಗಿ ಗೀಗಿ ಅನ್ಬೇಡ ಕಣಮ್ಮ, ದೀಪ ಹಚ್ಚೋ ಹೊತ್ನಾಗೆ!" ಎಂದು ವಿಶಾಲಮ್ಮ ಗದರಿದಳು. ಅಷ್ಟರಲ್ಲಿ ಸಿರಿ ಬೆಳಕಿನ ಕಡೆ ನುಗ್ಗಿ ಅಜ್ಜನ ತಟ್ಟೆಯ ಮೇಲೆ ಬಿದ್ದಳು. ಸಾರೆಲ್ಲ ನೆಲದ ಪಾಲಾಯಿತು. ದೇವೀರಪ್ಪ ಕೈ ಝಾಡಿಸಿ ಎದ್ದು ಹೋದ. ವಿಶಾಲಮ್ಮ ನೆಲ ಒರೆಸಿದಳು.

ಇದಕ್ಕೆಲ್ಲ ಒಂದೇ ದಾರಿ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಬಜೆ. ಅವಳ ಮಕ್ಕಳಿಗೆಲ್ಲ ಬಜೆ ಬೇರನ್ನು ಕಲ್ಲಿನ ಮೇಲೆ ಜೇನಿನಲ್ಲಿ ತೇದು ನಾಲಿಗೆಗೆ ಸವರಿ ಸವರಿಯೇ ಮಾತು ಬಂದದ್ದು. ಅವಳಿಗೂ ಹಾಗೇ ಬಂದದ್ದು. ಸಿರಿಗೂ ವರ್ಷದಿಂದ ದಿನಾ ಬೆಳಗ್ಗೆ ತಪ್ಪದೆ ಸವರುತ್ತಿದ್ದಳು. ಫೋನು ನೋಡುತ್ತಿದ್ದ ಮಗು ಬಾಯಿ ತೆರೆ ಎಂದರೆ ತೆರೆಯುತ್ತಿತ್ತು. ಈಗ ಬೇರಿನ ಖಾರದ ವಾಸನೆ ಬಡಿದರೆ ಸಾಕು, ಹಲ್ಲು ಕಚ್ಚಿಕೊಂಡು ಬಿಡುತ್ತಿತ್ತು. ಮೂಗು ಹಿಡಿದರೂ ಇಲ್ಲ, ತೊಡೆ ಸಂದಿಯಲ್ಲಿ ಅದುಮಿ ಹಿಡಿದರೂ ಇಲ್ಲ. ಬಜೆ ತಪ್ಪಿದರೆ ಮಾತು ಬರುವುದಾದರೂ ಎಲ್ಲಿಂದ?

ಸೌಂದರ್ಯ ಕೆಲಸಕ್ಕೆ ಹೋದ ಮೇಲೆ, ದೇವೀರಪ್ಪ ಪೂಜೆಗೆ ಕೂತಾಗ, ವಿಶಾಲಮ್ಮ ಬೀರುವಿನ ಬೀಗ ತೆಗೆದಳು. ಸದ್ದು ಅಡಗಿಸಿ ಫೋನನ್ನು ಸೊಂಟದ ಸೆರಗಿಗೆ ಸಿಕ್ಕಿಸಿಕೊಂಡು ಹಿತ್ತಿಲ ಒಗೆಯುವ ಕಲ್ಲಿನ ಮರೆಗೆ ಮಗುವನ್ನು ಕರೆದುಕೊಂಡು ಹೋದಳು. "ಒಂದೇ ಒಂದು ಚಣ ಕಣೇ ನನ್ನವ್ವಾ. ನಾಲಿಗೆ ನೀಡು." ಸೆರಗಿನಿಂದ ಬಾತುಕೋಳಿ ಹೊರಬಂತು, ಮಗುವಿನ ನಾಲಿಗೆಯೂ ಹೊರಬಂತು. ವಿಶಾಲಮ್ಮ ಬಜೆ ಸವರಿ ಫೋನನ್ನು ಮತ್ತೆ ಸೊಂಟಕ್ಕೆ ಸೇರಿಸಿದಳು. ಕಹಿ ಔಷಧಿಯ ಜೊತೆ ಬೆಲ್ಲದ ಚೂರು ಕೊಡುವುದಿಲ್ಲವೇ? ಇದೂ ಅಷ್ಟೇ ತಾನೆ! ಡಾಕ್ಟ್ರಮ್ಮನಿಗೆ ಬಜೆಯ ವಿಷಯ ಏನು ಗೊತ್ತು?

ಒಂದು ಚಣ ಎಂದದ್ದು ಒಂದು ಚಣದಲ್ಲಿ ನಿಂತಿದ್ದರೆ ಈ ಕಥೆಯನ್ನು ಹೇಳುವ ಕೆಲಸವೇ ಇರುತ್ತಿರಲಿಲ್ಲ. ಬಾಯಿ ಹೇಗೂ ತೆರೆದಿದೆ, ಹಸಿದ ಕೂಸು, ಎರಡು ತುತ್ತು ಅನ್ನ ಹಾಲನ್ನೂ ಇಟ್ಟರಾಯಿತು ಎಂದುಕೊಂಡಳು. ಮರುದಿನ ತಟ್ಟೆ ಪೂರ್ತಿ ಖಾಲಿಯಾಯಿತು. ಆಮೇಲೆ ಮಧ್ಯಾಹ್ನದ ಊಟಕ್ಕೂ ಅದೇ ಕಲ್ಲಿನ ಮರೆ. ದಿನ ಕಳೆದಂತೆ ಮಗುವಿಗೆ ರೂಢಿಯಾಯಿತು. ಅಜ್ಜಿಯನ್ನು ಕಂಡರೆ ಓಡಿ ಬಂದು ಸೊಂಟದ ಸೆರಗಿನಲ್ಲಿ ಕೈ ಹಾಕುವುದು, ನಾಲಿಗೆ ನೀಡಿಕೊಂಡು ನಿಲ್ಲುವುದು. ಮನೆಯಲ್ಲಿ ಅಳು ಕಡಿಮೆಯಾಯಿತು. ಕೆನ್ನೆ ತುಂಬಿಕೊಂಡಿತು.

"ಅತ್ತೆ, ಏನು ಮಾಡಿದ್ರಿ? ಹಗಲೆಲ್ಲ ಊಟ ಸೇರ್ತಿದೆ ಅಲ್ವಾ ಇವಳಿಗೆ!" ಎಂದು ಸೌಂದರ್ಯ ಒಂದು ಸಂಜೆ ಅತ್ತೆಯ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು. "ನೀವಿಲ್ದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ."

"ಬಜೆ ಬಿದ್ದದೆ ಕಣಮ್ಮ. ಇನ್ನೇನು ಮಾತೂ ಬತ್ತದೆ" ಎಂದಳು ವಿಶಾಲಮ್ಮ. ಹೇಳುವಾಗ ಅವಳು ಅದನ್ನು ನಂಬಿಯೇ ಹೇಳಿದ್ದಳು.

ಮಾತು ಬರಲಿಲ್ಲ. ಮೂರನೇ ಸಲ ಹಾಸನಕ್ಕೆ ಹೋದಾಗ ಡಾಕ್ಟರು ಮಗುವಿನ ಮುಂದೆ ಚೆಂಡು ಉರುಳಿಸಿದರು, ಹೆಸರು ಹಿಡಿದು ಕರೆದರು, ಚಪ್ಪಾಳೆ ತಟ್ಟಿದರು. ಸಿರಿ ಅವರ ಮುಖ ನೋಡಲಿಲ್ಲ.

"ಫೋನ್ ಪೂರ್ತಿ ನಿಲ್ಲಿಸಿದ್ದೀರಾ?"

"ಪೂರ್ತಿ ನಿಲ್ಸಿದ್ದೀವಿ ಡಾಕ್ಟ್ರೇ. ಮನೇಲಿ ಟಿವಿನೂ ಹಾಕಲ್ಲ" ಎಂದಳು ಸೌಂದರ್ಯ. ಅವಳ ದನಿಯಲ್ಲಿ ಹೆಮ್ಮೆಯಿತ್ತು.

"ಒಂದು ಚೂರೂ ಇಲ್ವಾ?"

"ಇಲ್ಲ. ಬೇಕಾದ್ರೆ ನಮ್ಮತ್ತೇನ ಕೇಳಿ. ಹಗಲೆಲ್ಲ ಅವರೇ ನೋಡ್ಕೊಳ್ಳೋದು."

ಡಾಕ್ಟರು ವಿಶಾಲಮ್ಮನ ಕಡೆ ತಿರುಗಿದರು. ದಿನವಿಡೀ ಆಡುವ ಬಾಯಿ! ಅವತ್ತು ಅದಕ್ಕೇನಾಗಿತ್ತೋ. ಸೊಸೆ ಪಕ್ಕದಲ್ಲೇ ಕೂತಿದ್ದಾಳೆ, ಅವತ್ತು ಹಿಡಿದ ಕೈ ಇನ್ನೂ ಬೆಚ್ಚಗಿದೆ. ವಿಶಾಲಮ್ಮ ತಲೆ ಅಲ್ಲಾಡಿಸಿದಳು. ಇಲ್ಲ ಎಂದು ಅಲ್ಲಾಡಿಸಿದಳು.

ಡಾಕ್ಟರು ಕನ್ನಡಕ ತೆಗೆದರು. "ಹಾಗಾದ್ರೆ ಇದು ಫೋನಿಗೆ ಮಾತ್ರ ಸೇರಿದ್ದಲ್ಲ ಅನ್ಸುತ್ತೆ. ಫೋನ್ ಬಿಟ್ಟ ಮೇಲೆ ಇಷ್ಟು ಹೊತ್ತಿಗೆ ಸ್ವಲ್ಪನಾದ್ರೂ ಬದಲಾವಣೆ ಕಾಣ್ಬೇಕಿತ್ತು. ಬೆಂಗಳೂರಿಗೆ ಬರೆದುಕೊಡ್ತೀನಿ, ಪರೀಕ್ಷೆ ಮಾಡಿಸಿ. ಮನಸ್ಸು ಗಟ್ಟಿ ಮಾಡ್ಕೊಳಮ್ಮ."

ವಾಪಸು ಬರುವಾಗ ಸೌಂದರ್ಯ ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ನೆತ್ತಿಗೆ ಮುಖ ಒತ್ತಿಕೊಂಡು ಅತ್ತಳು. "ನನ್ನ ಹೊಟ್ಟೇಲಿ ಇರುವಾಗ್ಲೇ ಏನೋ ಆಗಿದೆ ಕಣ್ರೀ. ನನ್ನದೇ ತಪ್ಪು ಇರ್ಬೇಕು" ಎಂದು ಗಂಡನಿಗೆ ಹೇಳಿದಳು. ಶರತ್ ರಸ್ತೆಯನ್ನೇ ನೋಡುತ್ತ ಗಾಡಿ ಓಡಿಸಿದ. ವಿಶಾಲಮ್ಮ ಹೇಳಿಬಿಡಬೇಕೆಂದು ಸೊಸೆಯ ಕಡೆ ತಿರುಗಿದಳು. ಮುಂದಿನ ಊರು ಬರಲಿ, ಹೇಳುತ್ತೇನೆ ಎಂದುಕೊಂಡಳು. ಆ ಊರು ದಾಟಿತು. ಮನೆ ಬರಲಿ ಎಂದುಕೊಂಡಳು. ಮನೆಯೂ ಬಂತು. ಅವಳು ಇಳಿದು ಹೋಗಿ ಅಕ್ಕಿ ತೊಳೆದಳು.

ನಾಳೆಯಿಂದ ಖಂಡಿತ ಇಲ್ಲ ಎಂದು ಲಿಂಗ ಮುಟ್ಟಿ ಆಣೆ ಮಾಡಿಕೊಂಡಳು. ನಾಳೆ ಬಂತು. ಮಗು ಓಡಿ ಬಂದು ಸೆರಗು ತಡಕಿತು. ಸಿಗದಾಗ ಹಣೆಯನ್ನು ಒಗೆಯುವ ಕಲ್ಲಿಗೆ ಬಡಿದುಕೊಂಡಿತು. ಅದೇ ಹುಬ್ಬು, ಹಳೇ ಗಾಯದ ಪಕ್ಕ. ರಕ್ತ ಕಂಡದ್ದೇ ವಿಶಾಲಮ್ಮ ಬೀರುವಿಗೆ ಓಡಿದಳು.

ಮರೆತು ಹೋದ ಡಬ್ಬಿಗೆಂದು ಸೌಂದರ್ಯ ಅರ್ಧ ದಾರಿಯಿಂದ ವಾಪಸು ಬಂದಿದ್ದಳು. ಅಡುಗೆಮನೆಯ ಕಿಟಕಿಯಿಂದ ಹಿತ್ತಿಲು ಕಾಣುತ್ತದೆ. ಅತ್ತೆ ಒಂದು ಕೈಯಲ್ಲಿ ಹುಬ್ಬಿಗೆ ಅರಿಶಿನ ಒತ್ತುತ್ತಿದ್ದಾಳೆ, ಇನ್ನೊಂದು ಕೈಯಲ್ಲಿ ಫೋನು. ಮಗು ನಾಲಿಗೆ ನೀಡಿಕೊಂಡು ಅದನ್ನೇ ನೋಡುತ್ತಿದೆ.

ಸೌಂದರ್ಯ ಕೂಗಾಡಲಿಲ್ಲ. ಹಿತ್ತಿಲಿಗೆ ಬಂದು ಫೋನು ಕಿತ್ತುಕೊಂಡಳು. ಮಗುವಿನ ಚೀರಾಟದ ಮಧ್ಯೆಯೇ ಕೇಳಿದಳು, "ಎಷ್ಟು ದಿನದಿಂದ ಅತ್ತೆ?"

"ಬಜೆಗೆ ಬಾಯಿ ಬಿಡ್ತಿರ್ಲಿಲ್ಲ ಕಣಮ್ಮ... ಮಾತು ಬರ್ಲಿ ಅಂತ ತಾನೆ ನಾನು..."

"ಹಾಸನಕ್ಕೆ ಹೋದಾಗ್ಲೂ ಕೊಡ್ತಿದ್ರಾ?"

ವಿಶಾಲಮ್ಮ ಮತ್ತೆ ಮಗುವಿನ ಹುಬ್ಬಿಗೆ ಅರಿಶಿನ ಒತ್ತಿದಳು.

"ಡಾಕ್ಟ್ರು ನಿಮ್ಮನ್ನೇ ಕೇಳಿದ್ರಲ್ಲ ಅತ್ತೆ! ನನ್ನ ಪಕ್ಕದಲ್ಲೇ ಕೂತಿದ್ರಲ್ಲ! ನನ್ನ ಹೊಟ್ಟೇನೇ ಸರಿ ಇಲ್ಲ ಅಂತ ನಾನು ದಾರಿ ಉದ್ದಕ್ಕೂ ಅತ್ನಲ್ಲ, ಅದನ್ನ ನೋಡ್ಕೊಂಡು ಕೂತಿದ್ರಾ?" ಈಗ ಅವಳ ದನಿ ಏರಿತು. ದೇವೀರಪ್ಪ ಪೂಜೆ ಅರ್ಧಕ್ಕೆ ಬಿಟ್ಟು ಎದ್ದು ಬಂದ.

"ಏನಮ್ಮ ಅದು, ದೊಡ್ಡೋರ ಮುಂದೆ ದನಿ ಎತ್ತೋದು? ಮಗು ಸಾಕಿದ್ದು ಯಾರು?"

"ಅದನ್ನೇ ಕೇಳ್ತಿದ್ದೀನಿ ಮಾವ. ನನ್ನ ಮಗೂನ ಸಾಕಿದ್ದು ಯಾರು? ಇವ್ರಾ, ಈ ಫೋನಾ?"

ಮಧ್ಯಾಹ್ನದ ಹೊತ್ತಿಗೆ ಅವಳ ಬಟ್ಟೆಯ ಚೀಲ ಹೊಸಿಲಲ್ಲಿತ್ತು. ರಜೆ ಸಿಗದಿದ್ದರೆ ಕೆಲಸ ಹೋಗಲಿ ಎಂದಳು. ತವರು ಮಾದಿಹಳ್ಳಿಯಲ್ಲಿ ತಾಯಿ ಶಿವಗಂಗಮ್ಮ, ನಾಲ್ಕು ಹಸು, ಗುಂಡಿ ಒತ್ತುವ ಹಳೇ ಫೋನು. "ಹೋಗ್ಬೇಡ ಅಂತ ಹೇಳೋ" ಎಂದು ವಿಶಾಲಮ್ಮ ಮಗನ ತೋಳು ಹಿಡಿದಳು. ಶರತ್ ತೋಳು ಬಿಡಿಸಿಕೊಂಡು ಹೆಂಡತಿಯ ಚೀಲ ಎತ್ತಿಕೊಂಡ. "ಯಾವ ಬಾಯಲ್ಲಿ ಹೇಳ್ಲಮ್ಮ?" ಎಂದ.

ಆಮೇಲೆ ಆ ಮನೆ ಮನೆಯಾಗಿರಲಿಲ್ಲ. ಚಿಪ್ಪು ಒಡೆಯುವ ಸದ್ದೊಂದು ಬಿಟ್ಟರೆ ಎಲ್ಲ ಮೌನ. ವಿಶಾಲಮ್ಮ ಹಾಲಿನವನಿಗೆ ಲೋಟ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. "ಯಾಕವ್ವಾ, ಉಷಾರಿಲ್ವಾ?" ಎಂದು ಚಲುವಮ್ಮ ಕೇಳಿದರೆ ಹೂಂ ಎನ್ನುವುದು. ದೇವೀರಪ್ಪನಿಗೇ ತಡೆಯಲಾಗಲಿಲ್ಲ. "ಏನಾದ್ರೂ ಮಾತಾಡೇ, ಬೈಯೋದಾದ್ರೂ ಬೈಯೇ" ಎಂದ ಒಂದು ದಿನ. ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ಅಷ್ಟೇ.

ಭಾನುವಾರ ಹೋಗಿ ಬರುವ ಶರತ್ ಕೇಳಿದರೆ ಹೇಳುತ್ತಿದ್ದ. ಮೊದಮೊದಲು ಬಹಳ ಕಷ್ಟವಾಯಿತಂತೆ. ಈಗ ಕೊಟ್ಟಿಗೆಯಲ್ಲೇ ಇರುತ್ತಾಳಂತೆ. ಹಸು ನೆಕ್ಕಿದರೆ ನಗುತ್ತಾಳಂತೆ. ಕರೆದರೆ ಒಮ್ಮೊಮ್ಮೆ ತಿರುಗುತ್ತಾಳಂತೆ.

"ತಿರುಗ್ತಾಳಾ?" ವಿಶಾಲಮ್ಮ ಮತ್ತೆ ಮತ್ತೆ ಕೇಳಿದಳು. "ನನ್ನ ಕಂಡ್ರೆ ಗುರುತು ಹಿಡೀತಾಳೇನೋ?"

"ಹಿಡೀದೆ ಏನಮ್ಮ."

ಯಾರಿಗೂ ಹೇಳದೆ ಒಂದು ಬೆಳಗ್ಗೆ ಹೊರಟಳು. ಕೊಬ್ಬರಿ ಮಿಠಾಯಿ ಡಬ್ಬಿಗೆ ತುಂಬಿದಳು. ತನ್ನ ಫೋನನ್ನು ಬೇಕೆಂದೇ ಬುಟ್ಟಿಯಲ್ಲಿ ಬಿಟ್ಟಳು. ಬಜೆಯನ್ನೂ ಮುಟ್ಟಲಿಲ್ಲ. ಜಾವಗಲ್ ದಾಟಿ, ಹಳೇಬೀಡಲ್ಲಿ ಬಸ್ಸು ಬದಲಾಯಿಸಿ ಮಾದಿಹಳ್ಳಿಯಲ್ಲಿ ಇಳಿದಳು. ಬೀಗಿತ್ತಿ ಶಿವಗಂಗಮ್ಮ ಏನೂ ಆಡಿಕೊಳ್ಳದೆ "ಬನ್ನಿ ಬನ್ನಿ" ಎಂದು ನೀರು ಕೊಟ್ಟಳು. ಸೌಂದರ್ಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಸೊರಗಿಹೋಗಿದ್ದಳು. ಒಂದು ಗಳಿಗೆ ಅತ್ತೆಯನ್ನು ನೋಡಿ ಒಳಕ್ಕೆ ಮುಖ ಮಾಡಿ ಕರೆದಳು.

"ಸಿರೀ, ಯಾರು ಬಂದ್ರು ನೋಡು."

ಕರುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಮಗು ತಿರುಗಿತು. ಕರೆದ ದನಿಗೆ ತಿರುಗಿತು! ವಿಶಾಲಮ್ಮ ಅಂಗಳದ ಮಣ್ಣಿನಲ್ಲೇ ಕೂತು ಎರಡೂ ಕೈ ಚಾಚಿದಳು. "ಬಾ ನನ್ ಬಂಗಾರ, ಬಾ ನನ್ನವ್ವಾ." ಮಗು ಕಣ್ಣರಳಿಸಿ ಓಡೋಡಿ ಬಂತು.

"ನೋಡಿ ಬೀಗ್ರೇ, ಎಷ್ಟು ಬೇಗ ಗುರುತು ಹಿಡಿದ್ಲು ಅಜ್ಜೀನ!" ಎಂದಳು ಶಿವಗಂಗಮ್ಮ.

ಸಿರಿ ಮಡಿಲಿಗೆ ಬಿದ್ದಳು. ಅಜ್ಜಿಯ ಮುಖ ನೋಡಲಿಲ್ಲ. ಸೊಂಟದ ಸೆರಗಿಗೆ ಕೈ ಹಾಕಿ ಎಡಕ್ಕೆ ತಡಕಿದಳು, ಬಲಕ್ಕೆ ತಡಕಿದಳು. ಆಮೇಲೆ ಕತ್ತು ಮೇಲೆತ್ತಿ, ಕಣ್ಣು ಸೆರಗಿನ ಮೇಲೇ ಇಟ್ಟು, ನಾಲಿಗೆ ಉದ್ದಕ್ಕೆ ನೀಡಿಕೊಂಡು ಕಾಯುತ್ತ ನಿಂತಳು.

"ಇಲ್ಲ ಕಣೇ... ತಂದಿಲ್ಲ ಕಣೇ ನನ್ನವ್ವಾ... ನನ್ನ ಮುಖ ನೋಡೇ ಒಂದ್ಸಲ" ಎಂದು ವಿಶಾಲಮ್ಮ ಮಗುವಿನ ಗದ್ದ ಹಿಡಿದಳು. ಮಗು ಗದ್ದ ಕಿತ್ತುಕೊಂಡು ಸೆರಗು ಜಗ್ಗಿತು. ಹೊಡೆಯಿತು. ನೆಲಕ್ಕೆ ಬಿದ್ದು ಹಣೆ ಚಚ್ಚಿಕೊಳ್ಳತೊಡಗಿತು. ಸೌಂದರ್ಯ ಓಡಿ ಬಂದು ಎತ್ತಿಕೊಂಡಳು. ಸಿಟ್ಟಿರಲಿಲ್ಲ ಅವಳಲ್ಲಿ, ಸುಸ್ತಿತ್ತು.

"ಅತ್ತೆ, ಹಿತ್ತಿಲ ಕಡೆಗೆ ಹೋಗಿಬಿಡಿ. ನೀವು ಕಾಣ್ತಿದ್ರೆ ಇವಳು ನಿಲ್ಸಲ್ಲ."

ವಿಶಾಲಮ್ಮ ಕೊಟ್ಟಿಗೆಯ ಹಿಂದೆ, ಹುಲ್ಲಿನ ಮೆದೆಯ ಪಕ್ಕ ಹೋಗಿ ನಿಂತಳು. ಅಳು ಬಹಳ ಹೊತ್ತು ನಡೆಯಿತು. ಮೆಲ್ಲಗೆ ಬಿಕ್ಕಳಿಕೆಗೆ ಇಳಿಯಿತು. ಗೋಡೆಯಾಚೆ ಸೌಂದರ್ಯಳ ದನಿ. "ನೋಡಿಲ್ಲಿ, ಯಾರಿದು? ಮುಟ್ಟು. ಯಾರು ಸಿರಿ ಇದು?" ಹಸುವಿನ ಕೊರಳ ಗಂಟೆ ಅಲುಗಿತು. ಆಮೇಲೆ ಅತ್ತು ಕಟ್ಟಿದ ಗಂಟಲಿನ ಒಂದು ಪುಟ್ಟ ದನಿ.

"ಅಂಬಾ."

ವಿಶಾಲಮ್ಮ ಸೆರಗಿನಿಂದ ಬಾಯಿ ಅದುಮಿಕೊಂಡಳು. ಮೂರು ವರ್ಷ ಕಾದಿದ್ದ ದನಿ! ಕಾಲು ತಾನಾಗಿಯೇ ಬಾಗಿಲ ಕಡೆಗೆ ಒಂದು ಹೆಜ್ಜೆ ಹಾಕಿತು. ಅಲ್ಲೇ ನಿಂತಿತು.

ಶಿವಗಂಗಮ್ಮ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಬಂದಳು. "ಕೇಳಿಸ್ತಾ ಬೀಗ್ರೇ? ನಿನ್ನೆಯಿಂದ ಅಂತಿದ್ದಾಳೆ. ಅವಳು ಮಲಗಲಿ, ಆಮೇಲೆ ಒಳಕ್ಕೆ ಬರೋರಂತೆ."

"ಬೇಡಿ. ನಾನು ಹಿಂಗೇ ಹೋಗ್ಬತ್ತೀನಿ." ವಿಶಾಲಮ್ಮ ಮಿಠಾಯಿ ಡಬ್ಬಿಯನ್ನು ಅವಳ ಕೈಗಿಟ್ಟಳು. "ಇದನ್ನ ಅಜ್ಜಿ ತಂದಿದ್ದು ಅಂತ ಹೇಳ್ಬೇಡಿ ಅವಳಿಗೆ. ನನ್ನ ನೆನಪೇ ಮಾಡ್ಬೇಡಿ."

ಕೊಟ್ಟಿಗೆಯ ಗೋಡೆ ಗಿಡ್ಡ. ಮಗುವಿನ ಕಣ್ಣಿಗೆ ತನ್ನ ತಲೆ ಕಾಣದಿರಲೆಂದು ವಿಶಾಲಮ್ಮ ಸೊಂಟ ಬಗ್ಗಿಸಿಕೊಂಡು ರಸ್ತೆಯವರೆಗೂ ನಡೆದಳು.